ಹೊಸ ಪ್ಲೇನ್‌ನ ಮೊದಲ ಬ್ಯಾಟರಿ: ನನ್ನ ಅನುಭವ

"ಬೇಕಂತಲೇ ಸ್ಟಾಲ್ ಮಾಡಿಸಿದರೆ ಪ್ಲೇನ್ ವಾಪಸ್ ಬರಲ್ಲ" ಅಂತ ರಿಮೋಟ್‌ನಲ್ಲಿ ಮಾಡೆಲ್ ಪ್ಲೇನ್ ಹಾರಿಸುವ ಕೋಲಾರದ ನಮ್ಮ ಗೆಳೆಯರೆಲ್ಲ ಹೇಳಿದ್ದರು. ಸ್ಟಾಲ್ ಅಂದರೆ ವೇಗ ತೀರಾ ಇಳಿದು, ಪ್ಲೇನನ್ನು ಎತ್ತಿ ಹಿಡಿಯುವ ಶಕ್ತಿ ರೆಕ್ಕೆಗೆ ಇಲ್ಲದಾಗುವುದು. ಈಗ ಅವರು ಹೊಸದು ಕಟ್ಟಿದರೆ ಮೊದಲ ಹಾರಾಟಕ್ಕೆ ರಿಮೋಟ್ ಕೊಡುವುದು ನನ್ನ ಕೈಗೇ.

ಕಲಿಯುವವರ ಟ್ರೈನರ್ ಪ್ಲೇನ್‌ನಲ್ಲಿ ಪಳಗಿದ ಕೈ ವಾರ್‌ಬರ್ಡ್‌ಗೆ, ಅಂದರೆ ಹಳೇ ಯುದ್ಧವಿಮಾನದ ಮಾದರಿಗೆ, ಸಾಲಲ್ಲ. ನನ್ನ ಸನ್‌ಬೋರ್ಡ್ (ಫೋಮ್ ಹಾಳೆ) ಸ್ಪಿಟ್‌ಫೈರ್ ಇಳಿಯುವ ಕೊನೇ ತಿರುವಿನಲ್ಲಿ ಎಡ ರೆಕ್ಕೆ ಕೆಡವಿ ಮೂಗು ಕುಟ್ಟಿತು. ಮೋಟಾರ್ ಶಾಫ್ಟ್ ಬಾಗಿತ್ತು, ರೆಕ್ಕೆ-ಬಾಲದ ಪಟ್ಟಿ ಆಡಿಸುವ ಎರಡು ಸರ್ವೋಗಳ ಗೇರ್ ಹೋಗಿತ್ತು, 2200 mAh ಬ್ಯಾಟರಿ ಉಬ್ಬಿತ್ತು. ಹೆಚ್ಚೂ ಕಡಿಮೆ ಮೂರೂವರೆ ಸಾವಿರ ಮಣ್ಣುಪಾಲು. ಅದೇ ಬೇಸಿಗೆಯಲ್ಲಿ ಬಾಲವಿಲ್ಲದ ಫ್ಲೈಯಿಂಗ್ ವಿಂಗ್ ಕೂಡ ಹೋಯಿತು, ಸಿಜಿ (ತೂಕ ಸಮತೂಗುವ ಜಾಗ) ಬರೀ ಅರ್ಧ ಇಂಚು ಹಿಂದಿತ್ತು ಅಷ್ಟೇ.

ಆಮೇಲೆ ಹಿಡಿದ ಕ್ರಮ ಇದು. ಮೊದಲ ಬ್ಯಾಟರಿಯಲ್ಲಿ, ಅಂದರೆ ಮೊದಲ ಹಾರಾಟದಲ್ಲಿ, ಲೂಪ್ ಇಲ್ಲ, ರೋಲ್ ಇಲ್ಲ. ಟ್ರಿಮ್ ಮಾಡಿ (ಸ್ಟಿಕ್ ಬಿಟ್ಟರೂ ನೇರ ಹಾರುವಂತೆ ಹೊಂದಿಸಿ) 60-70 ಮೀಟರ್ ಮೇಲೇರಿಸಿ, ಗಾಳಿಗೆ ಎದುರಾಗಿ ಥ್ರಾಟಲ್ (ಮೋಟಾರ್ ಪವರ್) ಮುಚ್ಚಿ, ಮೂಗು ಏರಿಸಿ ಇಳಿಸುವ ಬಾಲದ ಪಟ್ಟಿ ಎಲಿವೇಟರ್ ನಿಧಾನಕ್ಕೆ ಎಳೆಯುತ್ತಾ ಅದು ಹೇಗೆ ಬೀಳುತ್ತದೆ ಅಂತ ನೋಡುವುದು. ಟ್ರೈನರ್ ಮೂಗು ತಗ್ಗಿಸಿ ತಾನೇ ಸರಿಹೋಗುತ್ತದೆ. ಸ್ಪಿಟ್‌ಫೈರ್ ಬೀಳುವ ಮುಂಚೆ ಎಡಕ್ಕೂ ಬಲಕ್ಕೂ ಸಣ್ಣಗೆ ಅಲ್ಲಾಡುತ್ತದೆ. ಆ ಅಲ್ಲಾಟ ಕಣ್ಣಿಗೆ ಬಿತ್ತೋ, ಎಲಿವೇಟರ್ ಬಿಟ್ಟು ಥ್ರಾಟಲ್ ಕೊಡಿ. ರೆಕ್ಕೆ ಬಿದ್ದೇಬಿಟ್ಟರೆ ಐಲರಾನ್ (ರೆಕ್ಕೆ ಹಿಂಬದಿಯ ಪಟ್ಟಿ) ಮುಟ್ಟಬೇಡಿ, ಎದ್ದ ರೆಕ್ಕೆ ಕಡೆಗೆ ರಡ್ಡರ್ (ಬಾಲದ ನಿಂತ ಪಟ್ಟಿ) ಸಾಕು. ಎರಡು ಅಂತಸ್ತಿನ ರೆಕ್ಕೆಯ ಬೈಪ್ಲೇನ್ ಥ್ರಾಟಲ್ ಮುಚ್ಚಿದ ತಕ್ಷಣ ವೇಗ ಕಳೆದುಕೊಳ್ಳುತ್ತದೆ, ನೆಲ ಮುಟ್ಟುವ ತನಕ ಸ್ವಲ್ಪ ಪವರ್ ಇರಲೇಬೇಕು. ಮೋಟಾರ್ ರೆಕ್ಕೆಯ ಮೇಲೆ ಕೂತು ಹಿಂದಿನಿಂದ ತಳ್ಳುವ ಪುಷರ್‌ಗೆ ಥ್ರಾಟಲ್ ಕೊಟ್ಟರೆ ಮೂಗೇ ಕೆಳಗೆ!

ನಮ್ಮೂರು ಸಮುದ್ರಮಟ್ಟದಿಂದ 800 ಮೀಟರ್‌ಗಿಂತ ಮೇಲಿದೆ, ಗಾಳಿ ತೆಳು. ಚೆನ್ನೈ ಕಡೆಯವರು ಹೇಳುವ ವೇಗಕ್ಕಿಂತ ಒಂಚೂರು ಜಾಸ್ತಿಯಲ್ಲೇ ಇಳಿಸಬೇಕು. ಹಾರಿಸುತ್ತಿದ್ದ ಕೆರೆಗೆ ಕೆ.ಸಿ. ವ್ಯಾಲಿ ನೀರು ಬಂತು, ಊರಿಗೆ ಒಳ್ಳೇದೇ ಆಯಿತು. ಈಗ ರಾಗಿ ಕಟಾವಾದ ಹೊಲವೇ ನಮ್ಮ ರನ್‌ವೇ. ಕೂಳೆಗೆ ಚಕ್ರ ಸಿಕ್ಕಿದರೆ ಪ್ಲೇನ್ ಪಲ್ಟಿ, ಅದಕ್ಕೇ ಲ್ಯಾಂಡಿಂಗ್ ಗೇರ್ ಕಿತ್ತು ಹೊಟ್ಟೆ ಮೇಲೆ ಇಳಿಸುತ್ತೇನೆ.

ಮಧ್ಯೆ ಇನ್ನೊಂದು ನೋಡಿದೆ. ಎರಡೂ ಐಲರಾನ್ 2-3 ಮಿಲಿಮೀಟರ್ ಮೇಲೆತ್ತಿ ಇಟ್ಟರೆ ಸ್ಪಿಟ್‌ಫೈರ್ ರೆಕ್ಕೆ ಕೆಡವುವುದು ಬಹಳ ಕಡಿಮೆ, ಇಳಿಯುವ ವೇಗ ಮಾತ್ರ ಸ್ವಲ್ಪ ಏರುತ್ತದೆ. ರೆಕ್ಕೆ ಮುಂಭಾಗಕ್ಕೆ ಟೇಪ್ ಪಟ್ಟಿ ಅಂಟಿಸಿಯೂ ನೋಡಿದೆ, ಏನೂ ವ್ಯತ್ಯಾಸವಿಲ್ಲ. ಎಕ್ಸ್‌ಪೋ (ನಡುವಿನಲ್ಲಿ ಸ್ಟಿಕ್ ಮೃದುವಾಗಿಸುವ ಸೆಟ್ಟಿಂಗ್) ಎಷ್ಟು ಇಡುತ್ತೇನೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ಈ ಕ್ರಮದಲ್ಲಿ ಹಾರಿಸಿದ ನಾಲ್ಕೂ ಪ್ಲೇನ್ ಗಟ್ಟಿಯಾಗಿವೆ. ಅವಕ್ಕೆ ಪ್ರೊಪೆಲ್ಲರ್ ಬಿಟ್ಟು ಬೇರೇನೂ ಕೊಂಡಿಲ್ಲ.