ಮೊದಲು ಹೆಸರು ಹೇಳಿದ್ದು ಯಾರು? ‘ದಿ ಕ್ರೂಸಿಬಲ್’ ಓದಿದ ನನ್ನ ಅನುಭವ

ಎಂ.ಎ.ಯಲ್ಲಿ ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್ ಅವರ ‘ದಿ ಕ್ರೂಸಿಬಲ್’ ನಾಟಕ ನಮಗೆ ಪಠ್ಯವಾಗಿತ್ತು. ಸೇಲಂ ಎಂಬ ಊರಿನಲ್ಲಿ ಮಾಟ ಮಾಡಿದರು ಅಂತ ಜನ ಒಬ್ಬರ ಮೇಲೊಬ್ಬರು ದೂರು ಹೇಳುವ ಕಥೆ ಅದು. ಮೊದಲ ಸಲ ಅರ್ಧಕ್ಕೇ ಮುಚ್ಚಿಟ್ಟೆ. ಪಾತ್ರಗಳು ಜಾಸ್ತಿ, ಇಂಗ್ಲಿಷ್ ಹಳೇ ಕಾಲದ್ದು. ಗೈಡ್ ನೋಡಿದರೆ ‘ಸಮೂಹ ಸನ್ನಿ’ ಅಂತ ಒಂದೇ ಮಾತಿನಲ್ಲಿ ಮುಗಿಸಿತ್ತು. ಇಡೀ ಊರಿಗೆ ಸುಮ್ನೆ ಹುಚ್ಚು ಹಿಡಿಯುತ್ತದಾ? ನನಗೆ ಸಮಾಧಾನವಾಗಲಿಲ್ಲ.

ಒಂದು ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿದೆ. ಮಾಟದ ದೂರು ಹೇಳಿದವರು ಯಾರು, ಯಾರ ಹೆಸರು ಹೇಳಿದರು, ಹೇಳುವ ಮುಂಚೆ ಅವರಿಗೆ ಯಾವ ಭಯವಿತ್ತು. ಪ್ರತಿ ಅಂಕವನ್ನೂ ಹೀಗೇ ಓದಿದೆ.

ಮೊದಲ ಅಂಕದ ಕೊನೆಗೇ ಬೆಚ್ಚಿಬಿದ್ದೆ. ಪಾದ್ರಿ ಪ್ಯಾರಿಸ್ ಮನೆಯ ಗುಲಾಮಳು ಟಿಟುಬಾ. ಸೈತಾನನ ಜೊತೆ ಯಾರಿದ್ದರು ಅಂತ ಅವಳನ್ನು ಹಿಂಡುತ್ತಾರೆ. ಹೊಡೆದು ಸಾಯಿಸುತ್ತೇನೆ ಅಂತ ಒಬ್ಬ, ನೇಣಿಗೆ ಹಾಕಿ ಅಂತ ಇನ್ನೊಬ್ಬ. ಕೊನೆಗೆ ಅವಳು ಸಾರಾ ಗುಡ್, ಆಸ್ಬರ್ನ್ ಎಂಬ ಇಬ್ಬರು ಹೆಂಗಸರ ಹೆಸರು ಹೇಳುತ್ತಾಳೆ. ಕೆಲವು ಸಾಲು ಹಿಂದೆ ಹೋಗಿ ನೋಡಿ. ಆ ಎರಡು ಹೆಸರನ್ನೂ ಮೊದಲು ಬಾಯಿಗೆ ತಂದವನು ಜಮೀನುದಾರ ಪಟ್ನಮ್! ‘ಅವಳನ್ನು ನೋಡಿದೆಯಾ, ಇವಳನ್ನು ನೋಡಿದೆಯಾ’ ಎಂದು ಅವನೇ ಕೇಳಿರುತ್ತಾನೆ. ಮೂರು ಸಲ ಓದಿದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕಾಲಂ ತುಂಬುವಾಗ ಸಿಕ್ಕಿತು.

ಮೂರನೇ ಅಂಕವನ್ನು ಹಾಸ್ಟೆಲ್ ರೂಮಿನಲ್ಲಿ ಐದು ಜನ ಸೇರಿ ಜೋರಾಗಿ ಓದಿದೆವು. ದೂರು ಹೇಳಿದ ಹುಡುಗಿಯರಲ್ಲಿ ಒಬ್ಬಳಾದ ಮೇರಿ ವಾರೆನ್, ಅದೆಲ್ಲ ನಟನೆ ಅಂತ ಒಪ್ಪಿಕೊಳ್ಳಲು ಕೋರ್ಟಿಗೆ ಬಂದಾಗ, ಅವಳು ಏನು ಹೇಳಿದರೂ ಉಳಿದ ಹುಡುಗಿಯರು ಅದನ್ನೇ ತಿರುಗಿ ಹೇಳುವ ದೃಶ್ಯವಿದೆಯಲ್ಲ, ಅದು. ಮೇರಿಯ ಮಾತು ನನ್ನ ಪಾಲಿಗೆ ಬಂತು. ‘ನಿಲ್ಲಿಸಿ’ ಅಂದರೆ ನಾಲ್ಕು ದನಿ ‘ನಿಲ್ಲಿಸಿ’ ಅನ್ನುತ್ತವೆ. ಓದುತ್ತಿರುವುದು ನಾಟಕ ಅಂತ ಗೊತ್ತಿದ್ದರೂ ಗಂಟಲು ಒಣಗಿತು. ಮೇರಿ ಕೊನೆಗೆ ತನ್ನ ಯಜಮಾನ ಪ್ರಾಕ್ಟರ್ ಮೇಲೆ ದೂರು ಹೇಳಿ ಆ ಗುಂಪಿಗೇ ಯಾಕೆ ಓಡಿಹೋಗುತ್ತಾಳೆ ಅಂತ ಅವತ್ತು ಅರ್ಥವಾಯಿತು. ನಾಟಕವನ್ನು ಮನಸ್ಸಿನಲ್ಲೇ ಓದಬೇಡಿ, ದಯವಿಟ್ಟು.

ಒಂದು ತಪ್ಪನ್ನೂ ಮಾಡಿದೆ. ಇಂಟರ್ನಲ್ ಪರೀಕ್ಷೆಯಲ್ಲಿ ಆ ಹುಡುಗಿಯರ ಮುಂದಾಳು ಅಬಿಗೈಲ್‌ಗೂ ಪ್ರಾಕ್ಟರ್‌ಗೂ ಇದ್ದ ಗುಟ್ಟಿನ ಸಂಬಂಧವನ್ನು ಇತಿಹಾಸ ಎಂದೇ ಬರೆದೆ, ಮಾರ್ಕ್ಸ್ ಹೋಯಿತು. ಆಮೇಲೆ ಹುಡುಕಿ ನೋಡಿದೆ. 1692ರಲ್ಲಿ ಅಮೆರಿಕದ ಸೇಲಂನಲ್ಲಿ ನಿಜವಾದ ಅಬಿಗೈಲ್‌ಗೆ ಸುಮಾರು 11 ವರ್ಷ, ಪ್ರಾಕ್ಟರ್‌ಗೆ 60ರ ಆಸುಪಾಸು. ಮಿಲ್ಲರ್ ಅವಳನ್ನು 17ರ ಹುಡುಗಿ ಮಾಡಿ, ಅವನ ವಯಸ್ಸು ಇಳಿಸಿ, ಸಂಬಂಧ ಕಟ್ಟಿದರು. ಆದರೆ 19 ಜನರನ್ನು ನೇಣಿಗೆ ಹಾಕಿದ್ದು, ಮುದುಕ ಜೈಲ್ಸ್ ಕೋರಿ ಕಲ್ಲಿನ ಭಾರಕ್ಕೆ ಸಿಕ್ಕಿ ಸತ್ತಿದ್ದು ನಿಜ. ತಪ್ಪೊಪ್ಪಿಕೊಂಡವರನ್ನು ನೇಣಿಗೆ ಹಾಕಲಿಲ್ಲ, ನೇಣಿಗೇರಿದವರು ಇಲ್ಲ ಅಂದವರೇ. ನನ್ನ ಮೂರನೇ ಕಾಲಂ ಪೂರ್ತಿ ಇದೇ ಭಯ.

ನಾಲ್ಕನೇ ಅಂಕದಲ್ಲಿ ಪ್ರಾಕ್ಟರ್ ತನ್ನ ಮೇಲೆ ಸುಳ್ಳು ತಪ್ಪು ಹೊತ್ತುಕೊಳ್ಳಲು ಒಪ್ಪುತ್ತಾನೆ. ಬೇರೆಯವರ ಹೆಸರು ಮಾತ್ರ ಹೇಳುವುದಿಲ್ಲ. ನಾಟಕ ರಂಗಕ್ಕೆ ಬಂದದ್ದು 1953ರಲ್ಲಿ, ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೆಯುತ್ತಿದ್ದಾಗ. 1956ರಲ್ಲಿ ಸಂಸತ್ತಿನ ಸಮಿತಿ ಮಿಲ್ಲರ್ ಅವರನ್ನೇ ಕರೆದು ಜೊತೆಗಿದ್ದವರ ಹೆಸರು ಕೇಳಿತು. ಅವರು ಹೇಳಲಿಲ್ಲ. ಮರುವರ್ಷ ಶಿಕ್ಷೆಯಾಯಿತು, 1958ರಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ನೋಟ್‌ಬುಕ್‌ನಲ್ಲಿ ಪ್ರಾಕ್ಟರ್ ಕೆಳಗೆ ಮಿಲ್ಲರ್ ಅವರಿಗೂ ಒಂದು ಸಾಲು ಬರೆದೆ. ಇಬ್ಬರಿಗೂ ಎರಡನೇ ಕಾಲಂ ಖಾಲಿ ಬಿಟ್ಟಿದ್ದೇನೆ.