ಯುಗಾದಿಗೆ ಮೊದಲು ಮನೆಗೆ ಸುಣ್ಣ ಬಳಿದಿದ್ದು

ಶಿವರಾತ್ರಿಗೆ ಚಳಿ ಶಿವ ಶಿವ ಎನ್ನುತ್ತಾ ಹೋಗುತ್ತದೆ ಅಂತಾರೆ. ತೀರ್ಥಹಳ್ಳಿ ಕಡೆಯ ನಮ್ಮ ಹಂಚಿನ ಮನೆಯಲ್ಲಿ ಮಾರನೇ ದಿನವೇ ಕೆಲಸ ಶುರು. ಅಡಿಕೆ ಕೊಯ್ಲು ಮುಗಿದು ಅಂಗಳ ಖಾಲಿಯಾಗಿರುತ್ತದೆ. ಯುಗಾದಿಗೆ ಇನ್ನು ಸುಮಾರು ಒಂದು ತಿಂಗಳು. 2026ರಲ್ಲಿ ಫೆಬ್ರವರಿ 15ಕ್ಕೆ ಶಿವರಾತ್ರಿ, ಮಾರ್ಚ್ 19ಕ್ಕೆ ಯುಗಾದಿ.

ನಾನು ಮೊದಲು ಮಾಡುವುದು ಸುಣ್ಣ ನೆನೆಹಾಕುವ ಕೆಲಸ. ಬಳಿಯುವುದು ಕೊನೆಗೆ, ಆದರೆ ನೆನೆಯಲು ಅದಕ್ಕೇ ಜಾಸ್ತಿ ದಿನ ಬೇಕು. ಸುಟ್ಟ ಸುಣ್ಣಕ್ಕೆ ನೀರು ತಾಗಿದರೆ ಕೊತಕೊತ ಕುದಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಬೇಡ, ಹಳೇ ಕಬ್ಬಿಣದ ಡ್ರಮ್ಮೇ ಸರಿ. ಡ್ರಮ್ಮಿಗೆ ಮೊದಲು ನೀರು ತುಂಬಿ, ಆಮೇಲೆ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಮಕ್ಕಳನ್ನು ಹತ್ತಿರ ಬಿಡಬೇಡಿ. ಕಣ್ಣಿಗೆ ಕನ್ನಡಕ ಇರಲೇಬೇಕು. ಒಂದು ಹನಿ ಸಿಡಿದರೂ ಕಣ್ಣಿಗೆ ಅಪಾಯ.

ಅದು ನೆನೆಯುವಷ್ಟರಲ್ಲಿ ಮಾಡಿನ ಕೆಲಸ. ಮಂಗಗಳು ಓಡಾಡಿ ಒಡೆದ ಹಂಚು ಬದಲಿಸಿ, ಸರಿದದ್ದನ್ನು ಕೈಯಾಡಿಸಿ, ಎರಡು ಮಾಡು ಕೂಡುವ ಮೂಲೆಯಲ್ಲಿ ತುಂಬಿದ ತರಗೆಲೆ ತೆಗೆಸುತ್ತೇವೆ. ನಂತರ ಅಟ್ಟ, ಅಡಿಗೆಮನೆಯ ಇಲ್ಲಣ, ಅಂದರೆ ಮಸಿ ಹಿಡಿದ ಜೇಡರಬಲೆ, ತೆಗೆಯುವ ಕೆಲಸ. ಹಂಚು ಹೊರುವ ಮರದ ಪಕಾಸುಗಳಿಗೆ ಗೆದ್ದಲು ಹತ್ತದಂತೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ. ಅದು ಮೈಗೆ ತಾಗಿದರೆ ಸುಡುತ್ತದೆ, ಕೈಗವಸು ಹಾಕಿಕೊಳ್ಳಿ. ಕೆಲಸ ಯಾವಾಗಲೂ ಮೇಲಿನಿಂದ ಕೆಳಗೆ ಬರಬೇಕು, ಇಲ್ಲದಿದ್ದರೆ ಹೊಸ ಗೋಡೆ ಮೇಲೆ ಮಸಿ ಬೀಳುತ್ತದೆ.

ಮನೆ ಹಿಂದಿನ ತರಗೆಲೆ ಗುಡಿಸುವಾಗ ಮಾತ್ರ ಹುಷಾರು. ಈ ತಿಂಗಳುಗಳಲ್ಲೇ ಉಣುಗು (ಉಣ್ಣೆ ಹುಳ) ಜಾಸ್ತಿ, ಮಂಗನ ಕಾಯಿಲೆ ಹರಡುವುದು ಅದು ಕಚ್ಚಿಯೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಆ ಕಾಯಿಲೆ ಇವತ್ತಿಗೂ ನಮ್ಮ ಕಡೆ ಇದೆ. ಉದ್ದ ತೋಳಿನ ಅಂಗಿ, ಪ್ಯಾಂಟು ಹಾಕಿ, ಕೈಕಾಲಿಗೆ ಉಣುಗು ಹತ್ತದಂತೆ ಹಚ್ಚುವ ಎಣ್ಣೆ ಹಚ್ಚಿಕೊಂಡೇ ಹೋಗುತ್ತೇನೆ. ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ.

ಇನ್ನು ಗೋಡೆ. ಕೆಲವು ವರ್ಷದ ಹಿಂದೆ ಪೇಟೆಯಿಂದ ಬಂದ ಒಬ್ಬ ಗುತ್ತಿಗೆದಾರರ ಮಾತು ಕೇಳಿ ಜಗುಲಿಗೂ ಅಡಿಗೆಮನೆಗೂ ಪ್ಲಾಸ್ಟಿಕ್ ಪೇಂಟ್ ಹೊಡೆಸಿದೆವು. ನಮ್ಮದು ಮಣ್ಣಿನ ಗೋಡೆ. ಮಳೆಗಾಲದಲ್ಲಿ ನೆಲದಿಂದ ತೇವ ಏರುತ್ತದೆ. ಪೇಂಟು ಆ ತೇವವನ್ನು ಹೊರಗೆ ಬಿಡಲಿಲ್ಲ. ಒಂದೇ ಮಳೆಗಾಲಕ್ಕೆ ಗುಳ್ಳೆ ಎದ್ದು, ಪೇಂಟಿನ ಜೊತೆ ಗಾರೆಯೂ ಕಿತ್ತು ಬಂತು. ಆ ಗೋಡೆ ನೋಡಿ ನಿಜವಾಗಿಯೂ ಹೊಟ್ಟೆ ಉರಿಯಿತು. ಸುಣ್ಣವಾದರೆ ತೇವ ಒಳಗೆ ಕೂರುವುದಿಲ್ಲ, ಹೊರಗೆ ಹೋಗುತ್ತದೆ.

ಜಗುಲಿಯ ಪೇಂಟನ್ನು ಪೂರ್ತಿ ಹೆರೆದು, ಕಿತ್ತ ಜಾಗಕ್ಕೆ ಸುಣ್ಣದ ಗಾರೆ ತುಂಬಿದೆವು. ಪೇಂಟಿನ ಮೇಲೇ ಸುಣ್ಣ ಬಳಿದರೆ ಹಿಡಿಯುವುದಿಲ್ಲ. ಎರಡು ವಾರ ನೆನೆದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಅಕ್ಕಿ ಗಂಜಿ, ಒಂದು ಚಿಟಿಕೆ ನೀಲಿ ಸೇರಿಸಿದೆ. "ಹಾಲಿನ ಹಾಗೆ ಇರಬೇಕು ಮಾರಾಯ್ತಿ, ಮೊಸರಿನ ಹಾಗಲ್ಲ" ಅಂದರು ಅತ್ತೆ. ಅವರ ಮಾತು ಸರಿ. ದಪ್ಪಗೆ ಬಳಿದರೆ ಒಣಗಿದ ಮೇಲೆ ಪದರ ಪದರ ಉದುರುತ್ತದೆ. ಗೋಡೆಗೆ ಮೊದಲು ನೀರು ಚಿಮುಕಿಸಿ, ಬಿಸಿಲು ನೇರ ಬೀಳದ ಹೊತ್ತಿನಲ್ಲಿ ಬಳಿದೆ.

ಮೊದಲ ಕೈ ಬಳಿದಾಗ ಏನೂ ಕಾಣುವುದಿಲ್ಲ, ಸುಮ್ನೆ ನೀರು ಹಚ್ಚಿದ ಹಾಗಿರುತ್ತದೆ. ಗಾಬರಿಯಾಗಿ ಅದರ ಮೇಲೇ ಮತ್ತೆ ಬಳಿಯಬೇಡಿ. ಒಣಗುತ್ತಾ ಬಿಳುಪು ತಾನೇ ಏಳುತ್ತದೆ. ದಿನಕ್ಕೊಂದರಂತೆ ಮೂರು ಕೈ ಬಳಿದೆ. ಮೂರನೆಯದು ಒಣಗಿದ ಬೆಳಿಗ್ಗೆ ಬಾಗಿಲು ತೆಗೆದರೆ, ಕತ್ತಲೆಯ ಜಗುಲಿ ಅಂತ ನಾವು ಅಂದುಕೊಂಡಿದ್ದ ಜಾಗದಲ್ಲಿ ದೀಪ ಹಾಕದೆ ಪೇಪರ್ ಓದುವಷ್ಟು ಬೆಳಕು.

ಕೊನೆಗೆ ಕಾವಿ ನೆಲ ಒರೆಸಿ ಕೊಬ್ಬರಿ ಎಣ್ಣೆ ತಿಕ್ಕಿದ್ದು, ಕಂಬಳಿ ಬಿಸಿಲಿಗೆ ಹಾಕಿ ಬೇವಿನ ಸೊಪ್ಪಿನ ಜೊತೆ ಪೆಟ್ಟಿಗೆಗೆ ಇಟ್ಟಿದ್ದು ಎರಡು ದಿನದ ಕೆಲಸ. ಅಡಿಗೆಮನೆ ಗೋಡೆಯಲ್ಲಿ ಅರ್ಧ ಮಾತ್ರ ಹೆರೆಯಲು ಆಯಿತು. ಉಳಿದ ಅರ್ಧ ಬರುವ ಶಿವರಾತ್ರಿಗೆ. ಸೋಸಿ ಉಳಿದ ಸುಣ್ಣದ ಮೇಲೆ ನೀರು ನಿಲ್ಲಿಸಿ, ಮುಚ್ಚಳ ಹಾಕಿ, ಡ್ರಮ್ಮನ್ನು ಕೊಟ್ಟಿಗೆ ಮೂಲೆಯಲ್ಲಿ ಇಟ್ಟಿದ್ದೇನೆ.