ತ್ರೀ ಆನ್ ಎ ಮ್ಯಾಚ್: ನೋಟ್‌ಬುಕ್ ಹಿಡಿದು ಮತ್ತೆ ನೋಡಿದೆ

ಕಿರುಚಿತ್ರ ಎಡಿಟ್ ಮಾಡುವಾಗ ನನಗೆ ಯಾವಾಗಲೂ ಒಂದೇ ತಲೆನೋವು, ಯಾವ ಸೀನ್ ಬಿಡಬೇಕು ಅನ್ನೋದು. ಅದಕ್ಕೇ 1932ರ ಹಾಲಿವುಡ್ ಸಿನಿಮಾ ‘ತ್ರೀ ಆನ್ ಎ ಮ್ಯಾಚ್’ ಮತ್ತೆ ಹಾಕಿಕೊಂಡು ಕೂತೆ. ಮರ್ವಿನ್ ಲೆರಾಯ್ ನಿರ್ದೇಶನ, ಉದ್ದ ಬರೀ 63 ನಿಮಿಷ. ಅಷ್ಟರಲ್ಲೇ ಮೂವರು ಗೆಳತಿಯರ ಶಾಲೆಯ ದಿನಗಳಿಂದ ಹಿಡಿದು ಮದುವೆ, ಡೈವೋರ್ಸ್, ಕುಡಿತ, ಡ್ರಗ್ಸ್, ಮಗುವಿನ ಅಪಹರಣ, ಸಾವು ಎಲ್ಲಾ ಮುಗಿಯುತ್ತದೆ. ನಮ್ಮ ಧಾರಾವಾಹಿಯವರ ಕೈಗೆ ಸಿಕ್ಕಿದ್ದರೆ ನಾಲ್ಕು ವರ್ಷ ಎಳೆಯುತ್ತಿದ್ದರು, ಬಿಡಿ.

ಮೊದಲು ಸುಮ್ನೆ ನೋಡಿದೆ. ಆಮೇಲೆ ಸೌಂಡ್ ಪೂರ್ತಿ ತೆಗೆದು, ಕಥೆ ಎಲ್ಲೆಲ್ಲಿ ಜಿಗಿಯುತ್ತದೋ ಅಲ್ಲಿ ನಿಲ್ಲಿಸಿ, ಜಿಗಿದಿದ್ದರಲ್ಲಿ ಏನೇನು ಬಿಟ್ಟಿದ್ದಾರೆ ಅಂತ ಬರೆದುಕೊಂಡೆ. ಸಿನಿಮಾ 1919ರಲ್ಲಿ ಶುರುವಾಗುತ್ತದೆ. ಪತ್ರಿಕೆಯ ತಲೆಬರಹ, ಆ ಕಾಲದ ಒಂದು ಹಾಡು, ಅಷ್ಟೇ, ವರ್ಷಗಳು ಕಳೆದುಹೋದವು. ಖರ್ಚು ಕಡಿಮೆ, ಕೆಲಸ ಜಾಸ್ತಿ.

ಆದರೆ ನನ್ನ ಪಟ್ಟಿಯಲ್ಲಿ ನಿಜವಾಗಿ ಕಾಡಿದ್ದು ಮೂವರಲ್ಲಿ ಒಬ್ಬಳಾದ ವಿವಿಯನ್ (ಆ್ಯನ್ ಡ್ವೊರಾಕ್) ಮನೆ ಬಿಡುವ ಜಾಗ. ಗಂಡ ಒಳ್ಳೆಯವನು, ದುಡ್ಡಿದೆ, ಮುದ್ದಾದ ಮಗನಿದ್ದಾನೆ. ಬೇರೆಯವರಿಗೆ ಖುಷಿ ಕೊಡುವ ಸಂಗತಿಗಳಿಂದ ತನಗೆ ಏನೂ ಅನ್ನಿಸುವುದಿಲ್ಲ ಅನ್ನುವ ಅರ್ಥದ ಒಂದು ಮಾತು ಆಡುತ್ತಾಳೆ. ಯುರೋಪಿಗೆ ಹೊರಟ ಹಡಗು ಹತ್ತಿದವಳು, ಅಲ್ಲೇ ಪರಿಚಯವಾದ ಒಬ್ಬನ ಜೊತೆ, ಮಗನನ್ನೂ ಕರೆದುಕೊಂಡು, ಹಡಗು ಬಿಡುವ ಮೊದಲೇ ಇಳಿದು ಹೋಗುತ್ತಾಳೆ. ಯಾಕೆ ಅಂತ ಯಾರೂ ವಿವರಿಸುವುದಿಲ್ಲ. ಫ್ಲ್ಯಾಶ್‌ಬ್ಯಾಕ್ ಇಲ್ಲ, ಅಳು ಇಲ್ಲ. ಸೌಂಡ್ ಇಲ್ಲದೆ ನೋಡಿದಾಗ ಡ್ವೊರಾಕ್ ಮುಖದಲ್ಲೇ ಎಲ್ಲಾ ಇದೆ ಅನ್ನಿಸಿತು, ಆ ಚಡಪಡಿಕೆ, ನಿಂತಲ್ಲಿ ನಿಲ್ಲಲಾಗದ ಕಣ್ಣು.

ಅವಳು ಡ್ರಗ್ಸ್‌ಗೆ ಬಿದ್ದಿದ್ದನ್ನೂ ಹೀಗೇ ಮುಗಿಸುತ್ತಾರೆ. ಗ್ಯಾಂಗ್‌ನವನಾಗಿ ಬರುವ ಹಂಫ್ರಿ ಬೋಗಾರ್ಟ್, ಆಗಿನ್ನೂ ಸ್ಟಾರ್ ಅಲ್ಲ, ಅವಳ ಸ್ಥಿತಿ ನೋಡಿ ತನ್ನ ಮೂಗು ಉಜ್ಜಿಕೊಂಡು ನಗುತ್ತಾನೆ. ಮೂಗಿನಿಂದ ಡ್ರಗ್ಸ್ ಎಳೆದುಕೊಳ್ಳುತ್ತಾಳೆ ಅನ್ನೋದಕ್ಕೆ ಒಂದೇ ಸನ್ನೆ! ತೆರೆಯ ಮೇಲೆ ಏನು ತೋರಿಸಬಹುದು, ಏನು ಬಾರದು ಅನ್ನುವ ಹಾಲಿವುಡ್ಡಿನ ನಿಯಮಾವಳಿ 1930ರಲ್ಲೇ ಬರೆದಾಗಿತ್ತು, ಆದರೆ ಅದನ್ನು ಬಿಗಿಯಾಗಿ ಜಾರಿ ಮಾಡಿದ್ದು 1934ರಲ್ಲಿ, ಜಾರಿಯ ಹೊಣೆ ಹೊತ್ತ ಜೋಸೆಫ್ ಬ್ರೀನ್ ಕಾಲಕ್ಕೆ. ನಡುವಿನ ಆ ಸಡಿಲ ವರ್ಷಗಳ ಚಿತ್ರ ಇದು. ಹೆಸರಾಂತ ವಿಮಾನ ಚಾಲಕ ಚಾರ್ಲ್ಸ್ ಲಿಂಡ್‌ಬರ್ಗ್ ಮಗುವಿನ ಅಪಹರಣ ಆದದ್ದು ಮಾರ್ಚ್ 1932ರಲ್ಲಿ, ಅದೇ ವರ್ಷ ಅಕ್ಟೋಬರಿನಲ್ಲಿ ಈ ಸಿನಿಮಾ ತೆರೆಗೆ ಬಂತು. ಜನ ಎಷ್ಟು ಬೆಚ್ಚಿರಬೇಕು, ಅಲ್ವಾ? ಕೊನೆಗೆ ವಿವಿಯನ್, ಅಪಹರಣವಾದ ತನ್ನ ಮಗ ಎಲ್ಲಿದ್ದಾನೆ ಅಂತ ಲಿಪ್‌ಸ್ಟಿಕ್‌ನಲ್ಲಿ ತನ್ನ ನೈಟ್‌ಗೌನ್ ಮೇಲೆ ಬರೆದುಕೊಂಡು ಕಿಟಕಿಯಿಂದ ಹಾರುತ್ತಾಳೆ. ಆಗಲೂ ಕ್ಯಾಮೆರಾ ಶೋಕಕ್ಕೆ ಅಂತ ಜಾಸ್ತಿ ಹೊತ್ತು ನಿಲ್ಲುವುದಿಲ್ಲ.

ಎಲ್ಲವೂ ಚೆನ್ನಾಗಿದೆ ಅಂತಲ್ಲ. ಬೆಟ್ಟಿ ಡೇವಿಸ್‌ಗೆ ಇಲ್ಲಿ ಮಾಡಲು ಕೆಲಸವೇ ಇಲ್ಲ. ಮೂರನೆಯ ಗೆಳತಿ ಅಂತ ಒಬ್ಬಳು ಬೇಕಿತ್ತು, ಇಟ್ಟುಕೊಂಡಿದ್ದಾರೆ. ಇನ್ನೊಬ್ಬ ಗೆಳತಿ, ಜೋನ್ ಬ್ಲಾಂಡೆಲ್‌ಳ ಮೇರಿ, ವಿವಿಯನ್‌ಳ ಗಂಡನನ್ನೇ ಮದುವೆಯಾಗುವ ಭಾಗವಂತೂ ಅವಸರದ ಅಡುಗೆ.

ಇದೆಲ್ಲಾ ಬರೆದುಕೊಂಡ ಮೇಲೆ ನನ್ನ ಕಿರುಚಿತ್ರದ ಎಡಿಟಿಂಗ್ ಟೈಮ್‌ಲೈನ್ ತೆರೆದೆ. ನಾಯಕಿ ತಾನು ಯಾಕೆ ಊರು ಬಿಟ್ಟೆ ಅಂತ ಅಕ್ಕನಿಗೆ ಹೇಳುವ ಸೀನ್ ಇಡೀ ತೆಗೆದುಹಾಕಿದೆ. ಅವಳು ಬಸ್ಸಿಗೆ ಕಾಯುವ ಶಾಟ್ ಮಾತ್ರ ಸ್ವಲ್ಪ ಉದ್ದ ಮಾಡಿದೆ. ಆ ಸೀನ್ ಬರೆದ ಗೆಳೆಯ ಇನ್ನೂ ಮುನಿಸಿಕೊಂಡೇ ಇದ್ದಾನೆ. ‘ತ್ರೀ ಆನ್ ಎ ಮ್ಯಾಚ್’ ಕಥೆಯನ್ನೇ 1938ರಲ್ಲಿ, ನಿಯಮ ಬಿಗಿಯಾದ ಮೇಲೆ, ‘ಬ್ರಾಡ್‌ವೇ ಮಸ್ಕೆಟಿಯರ್ಸ್’ ಅಂತ ಮತ್ತೆ ತೆಗೆದರು. ಅದನ್ನೂ ಇದೇ ಥರ ಸೌಂಡ್ ತೆಗೆದು ನೋಡಬೇಕು ಅಂತಿದ್ದೇನೆ, ನೋಟ್‌ಬುಕ್ಕಿನಲ್ಲಿ ಪಕ್ಕದ ಪುಟ ಖಾಲಿ ಬಿಟ್ಟಿದ್ದೇನೆ.